ಅಂಚೆ ಅಯ್ಯನವರ ಬಲಗೈ

ಅಂಚೆ ಅಯ್ಯನವರ ನೆರಳು ಗೋಡೆಯ ಮೇಲೆ ಏನು ಮಾಡುತ್ತಿದೆ ಎಂದು ತಿಳಿಯಲು ನನಗೆ ಇಪ್ಪತ್ತಾರು ದಿನ ಹಿಡಿಯಿತು. ಲಕ್ವ ಹೊಡೆದವರನ್ನು ಆಸ್ಪತ್ರೆಯ ಹಿತ್ತಲ ಗೋಡೆಯ ಮುಂದೆ ಕೂರಿಸಿ, ಕೈಕಾಲು ಆಡಿಸುವುದನ್ನು ಹೊಸದಾಗಿ ಕಲಿಸುವುದೇ ಹತ್ತೊಂಬತ್ತು ವರ್ಷದಿಂದ ನನ್ನ ಕೆಲಸ. ಇಂದುಮತಿ ಎಂಬ ಒಳ್ಳೆಯ ಹೆಸರು ನನಗಿದೆಯಾದರೂ ಊರಿನವರು ಅದನ್ನು ಮರೆತು ಗೋಡೆ ಡಾಕ್ಟರಮ್ಮ ಎಂದು ಕರೆಯತೊಡಗಿ ಎಷ್ಟೋ ಕಾಲವಾಯಿತು. ಅಂಥವಳ ಕಣ್ಣಿಗೇ ಕಾಣಲಿಲ್ಲವೆಂದರೆ ಯಾರ ಮುಂದೆ ಹೇಳಿಕೊಳ್ಳುವುದು? ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ನಮ್ಮ ಊರಿನಲ್ಲಿ ಲಕ್ವ ಹೊಡೆಯುವುದು ಮನುಷ್ಯನಿಗೆ ಮಾತ್ರ, ಅವನ ನೆರಳಿಗಲ್ಲ. ಕೈ ತೊಡೆಯ ಮೇಲೆ ಹಸಿಬಟ್ಟೆಯ ಹಾಗೆ ಬಿದ್ದಿರುತ್ತದೆ. ರೋಗಿಯನ್ನು ಬಿಸಿಲಿಗೆ ಬೆನ್ನು ಮಾಡಿ ಕೂರಿಸಿದರೆ, ಎದುರಿನ ಸುಣ್ಣದ ಗೋಡೆಯ ಮೇಲೆ ಅದೇ ಕೈಯ ನೆರಳು ಎದ್ದು, ಜೀವಮಾನದಲ್ಲಿ ಅತಿ ಆಳವಾಗಿ ರೂಢಿಯಾದ ಕೆಲಸವನ್ನು ಮಾಡುತ್ತಾ ಇರುತ್ತದೆ. ರೊಟ್ಟಿ ಬಡಿದವಳ ನೆರಳು ರೊಟ್ಟಿ ಬಡಿಯುತ್ತದೆ, ಹೂ ಕಟ್ಟಿದವಳ ನೆರಳು ಹೂ ಕಟ್ಟುತ್ತದೆ. ಪುರಸಭೆಯ ಮಾಜಿ ಅಧ್ಯಕ್ಷರೊಬ್ಬರ ನೆರಳು ದಿನವೂ ಎರಡೂವರೆ ಗಂಟೆ ಕಾಲ ಒಂದೇ ಕೈಯಲ್ಲಿ ನಮಸ್ಕಾರ ಮಾಡುತ್ತಿತ್ತು. ಚುನಾವಣೆ ಇಲ್ಲದ ವರ್ಷ ಅದು. ಕಾಂಪೌಂಡಿನ ಆಚೆ ನಿಂತ ಜನ ಬಿದ್ದು ಬಿದ್ದು ನಕ್ಕರು.

ಊರು ಇದಕ್ಕೆ ತಕ್ಕ ಹಾಗೆ ಹೊಂದಿಕೊಂಡಿದೆ. ವರ್ಷಕ್ಕೆ ಎರಡು ಸಲ ಪುರಸಭೆಯವರು ಗೋಡೆಗೆ ಸುಣ್ಣ ಬಳಿಸುತ್ತಾರೆ. ಅದರ ಮೇಲೆ ಯಾರೂ ಬಟ್ಟೆ ಒಣಹಾಕುವುದಿಲ್ಲ, ಪೋಸ್ಟರ್ ಅಂಟಿಸುವುದಿಲ್ಲ. ರೋಗಿಗೂ ಗೋಡೆಗೂ ನಡುವೆ ಯಾರೂ ನಿಲ್ಲುವ ಹಾಗಿಲ್ಲ. ಮೊದಲ ದಿನ ಮನೆಯವರು, ನೆಂಟರು, ಬೀದಿಯವರು ಎಲ್ಲ ಬಂದು ಕಾಫಿ ಕುಡಿಯುತ್ತಾ ನೆರಳನ್ನು ಓದುತ್ತಾರೆ. ಅದು ಇಂಥ ಕೆಲಸವೆಂದು ಗೊತ್ತಾದ ಮೇಲೆ ಅದಕ್ಕೆ ಬೇಕಾದ ಸಾಮಾನು ತರುತ್ತಾರೆ. ಒಬ್ಬರು ಲಟ್ಟಣಿಗೆ, ಒಬ್ಬರು ಕತ್ತರಿ, ಒಬ್ಬರು ಸೌಟು. ಅದನ್ನು ರೋಗಿಯ ಕೈಯಲ್ಲಿ ಹಿಡಿಸಿ, ನೆರಳು ಹೋದ ದಾರಿಯಲ್ಲೇ ಕೈಯನ್ನು ಒಯ್ಯುವುದು ನನ್ನ ಕೆಲಸ. ದಿನಕ್ಕೆ ಮುನ್ನೂರು ಸಲ. ಇಪ್ಪತ್ತನೆಯ ದಿನದ ಹೊತ್ತಿಗೆ ಬೆರಳು ಅಲುಗುತ್ತದೆ, ನಲವತ್ತೊಂದನೆಯ ದಿನಕ್ಕೆ ಕೈಯೂ ನೆರಳೂ ಒಂದಾಗುತ್ತವೆ, ಮನೆಯವರು ಮಂಡಕ್ಕಿ ಹಂಚುತ್ತಾರೆ. ನೆರಳು ತೋರಿಸಿದ ದಾರಿ ಬಿಟ್ಟು ಬೇರೆ ದಾರಿಯಲ್ಲಿ ವಾಪಸ್ಸು ಬಂದ ಕೈ ನಮ್ಮ ಊರಿನಲ್ಲಿ ಒಂದೂ ಇಲ್ಲ.

ಅಂಚೆ ಅಯ್ಯನವರ ಹೆಸರು ವಾಮದೇವಯ್ಯ. ಮೂವತ್ತು ವರ್ಷಕ್ಕೂ ಮೇಲೆ ನಮ್ಮ ಊರಿನ ಪೋಸ್ಟ್ ಮಾಸ್ಟರ್ ಆಗಿದ್ದವರು. ಓದು ಬಾರದವರಿಗೆ ಕಾಗದ ಓದಿ ಹೇಳಿದವರು, ಸಾವಿನ ಸುದ್ದಿ ಬಂದರೆ ಪೋಸ್ಟ್‌ಮ್ಯಾನ್ ಕೈಗೆ ಕೊಡದೆ ತಾವೇ ನಡೆದು ಹೋಗಿ ಮೆಲ್ಲಗೆ ತಿಳಿಸಿದವರು. ನನ್ನ ತಂದೆಗೆ ಅಕ್ಷರ ಬರುತ್ತಿರಲಿಲ್ಲ. ನಾನು ಈ ಕೆಲಸದ ತರಬೇತಿಗೆ ಸೇರುವ ಅರ್ಜಿಯನ್ನು ತುಂಬಿದ್ದು ಅಯ್ಯನವರ ಬಲಗೈಯೇ. ಮುತ್ತು ಪೋಣಿಸಿದಂಥ ಅಕ್ಷರ. ಅದರ ನಕಲನ್ನು ನಾನು ಟ್ರಂಕಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದೆ.

ನಿವೃತ್ತರಾಗಿ ಆರು ವರ್ಷವಾದ ಮೇಲೆ ಒಂದು ಸೋಮವಾರ ಬೆಳಗ್ಗೆ, ಕಾಫಿ ಲೋಟ ಕೈಯಲ್ಲಿದ್ದ ಹಾಗೇ ಅವರಿಗೆ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಹೋಯಿತು. ಮಾತೂ ಹೋಯಿತು, ಮೂವತ್ತು ವರ್ಷ ಕೌಂಟರಿನಲ್ಲಿ ಕೂತು ಹೇಳಿದ "ಮುಂದಿನವರು ಬನ್ನಿ" ಎಂಬುದೊಂದು ಬಿಟ್ಟು. ನೀರು ಬೇಕಾದರೂ ಮುಂದಿನವರು ಬನ್ನಿ, ಬೆನ್ನು ತುರಿಸಿದರೂ ಮುಂದಿನವರು ಬನ್ನಿ. ನೋಡಲು ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ನಗಬೇಕೋ ಅಳಬೇಕೋ ತಿಳಿಯದೆ ಮುಂದೆ ಬರುತ್ತಿದ್ದರು.

ನೆರಳು ಓದುವ ದಿನ ಅರ್ಧ ಊರೇ ಬಂದಿತ್ತು. ಕಾಲಿನ ನೆರಳು ಕುಳಿತಲ್ಲೇ ತಾಳ ಹಾಕುತ್ತಿತ್ತು; ಅದು ಕೌಂಟರಿನ ಕೆಳಗೆ ಹಾಕುತ್ತಿದ್ದ ತಾಳವೆಂದು ಎಲ್ಲರಿಗೂ ಗೊತ್ತು. ಕೈಯ ನೆರಳು ಭುಜದಿಂದ ಮೇಲೆದ್ದು, ಒಂದು ಕ್ಷಣ ನಿಂತು, ರಪ್ಪನೆ ಕೆಳಕ್ಕೆ ಬರುತ್ತಿತ್ತು. ಮತ್ತೆ ಏಳುತ್ತಿತ್ತು, ಮತ್ತೆ ಬೀಳುತ್ತಿತ್ತು. ಅವರ ಕೈಕೆಳಗೆ ಪೋಸ್ಟ್‌ಮ್ಯಾನ್ ಆಗಿದ್ದ ದ್ಯಾವಣ್ಣ ಚಪ್ಪಾಳೆ ತಟ್ಟಿದ.

"ನೋಡ್ರಪ್ಪ, ರಿಟೈರಾಗಿ ಆರು ವರ್ಷ ಆದ್ರೂ ನಮ್ಮ ಅಯ್ಯನೋರು ಇನ್ನೂ ಮುದ್ರೆ ಒತ್ತಾ ಅವ್ರೆ!"

ಎಲ್ಲರೂ ನಕ್ಕರು, ಕೆಲವರು ಕಣ್ಣೊರೆಸಿಕೊಂಡರು. ದ್ಯಾವಣ್ಣ ಓಡಿಹೋಗಿ ಅಂಚೆ ಕಚೇರಿಯಿಂದ ಸವೆದ ಹಳೆಯ ಮುದ್ರೆಯನ್ನೂ ಮಸಿಯ ಪ್ಯಾಡನ್ನೂ ಕೇಳಿ ತಂದ. ಅಯ್ಯನವರ ಹೆಂಡತಿ ಹಂಪಕ್ಕ ಬೇವಿನ ಮರದ ಹಿಂದೆ ಕಾಫಿ ಬಗ್ಗಿಸುತ್ತಿದ್ದರು. ಅವರು ನಗಲಿಲ್ಲ, ಅಳಲೂ ಇಲ್ಲ. ಪಾಪ, ಗಾಬರಿಯಾಗಿದ್ದಾರೆ ಅಂದುಕೊಂಡೆ.

ಕಾಲು ಬೇಗ ದಾರಿಗೆ ಬಂತು. ಹದಿನೈದನೆಯ ದಿನ ಅಯ್ಯನವರು ಕೋಲು ಹಿಡಿದು ನಿಂತರು, ಇಪ್ಪತ್ತೆರಡನೆಯ ದಿನ ಮರದವರೆಗೆ ನಡೆದರು. ಕೈ ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ. ದಿನವೂ ನಾನು ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮುದ್ರೆಯ ಹಿಡಿಗೆ ಸುತ್ತುತ್ತಿದ್ದೆ, ಮುಂಗೈ ಹಿಡಿದು ಎತ್ತುತ್ತಿದ್ದೆ, ಕಾಗದದ ಮೇಲೆ ಇಳಿಸುತ್ತಿದ್ದೆ. ನನ್ನ ಗಂಟಲು ದೊಡ್ಡದು. "ಇನ್ನೂ ಸ್ವಲ್ಪ ಮೇಲಕ್ಕೆ ಅಯ್ಯನವರೇ! ಹಾಂ, ಈಗ ಜೋರಾಗಿ! ಇನ್ನೂ ಜೋರಾಗಿ!" ಎಂದು ನಾನು ಕೂಗುತ್ತಿದ್ದುದು ಬೇವಿನ ಮರದ ಆಚೆಗೂ ಕೇಳುತ್ತಿತ್ತು. ಹಂಪಕ್ಕ ಅಲ್ಲೇ ಕೂತಿರುತ್ತಿದ್ದರು.

ಇಪ್ಪತ್ತಾರನೆಯ ದಿನ ಮರದ ಕೆಳಗೆ ಯಾರೋ ನೀರು ಚೆಲ್ಲಿ ಕೆಸರಾಗಿತ್ತು. ಹಂಪಕ್ಕನಿಗೆ ಗೋಡೆಯ ಪಕ್ಕದಲ್ಲೇ ಸ್ಟೂಲು ಹಾಕಿಕೊಟ್ಟೆ. ಒಂಬತ್ತು ಗಂಟೆಗೆ ಅವರು ಕಾಫಿ ಲೋಟ ಹಿಡಿದು ಎದ್ದು, ಗಂಡನ ಕಡೆಗೆ ಬಗ್ಗಿದರು. ಅದೇ ಹೊತ್ತಿಗೆ ಗೋಡೆಯ ಮೇಲೆ ನೆರಳಿನ ಕೈ ಎದ್ದಿತು. ಹಂಪಕ್ಕನ ತಲೆ ತಟ್ಟನೆ ತಗ್ಗಿತು, ಎಡಮೊಣಕೈ ಮೇಲೆದ್ದು ಕಿವಿಯನ್ನು ಮುಚ್ಚಿತು. ಗಿಡ್ಡ ಬಾಗಿಲಿನ ಮನೆಯಲ್ಲಿ ಹುಟ್ಟಿ ಬೆಳೆದವರು ಮಾತು ನಿಲ್ಲಿಸದೆ ತಲೆ ಬಗ್ಗಿಸಿ ಒಳಹೋಗುತ್ತಾರಲ್ಲ, ಹಾಗೆ. ಇನ್ನೊಂದು ಕೈಯಲ್ಲಿದ್ದ ಕಾಫಿ ಒಂದು ತೊಟ್ಟೂ ಚೆಲ್ಲಲಿಲ್ಲ.

ನಾನು ಗೋಡೆಯ ಕಡೆ ತಿರುಗಿದೆ. ಮೊದಲ ಸಲ ಸರಿಯಾಗಿ ನೋಡಿದೆ. ಮುದ್ರೆ ಒತ್ತುವ ಕೈ ಮುಷ್ಟಿ ಕಟ್ಟಿರಬೇಕು. ಈ ನೆರಳಿನ ಅಂಗೈ ಬಿಚ್ಚಿತ್ತು, ಐದೂ ಬೆರಳು ಕಾಣುತ್ತಿದ್ದವು. ಮುದ್ರೆ ನೇರವಾಗಿ ಕೆಳಕ್ಕೆ ಬೀಳುತ್ತದೆ. ಈ ಕೈ ಓರೆಯಾಗಿ, ಪಕ್ಕದಿಂದ ಬೀಸಿಕೊಂಡು ಬರುತ್ತಿತ್ತು. ಕೂತ ಹೆಂಗಸಿನ ಮುಖ ಎಷ್ಟು ಎತ್ತರಕ್ಕೆ ಇರುತ್ತದೋ ಅಷ್ಟು ಎತ್ತರದಲ್ಲಿ ಬಂದು ನಿಲ್ಲುತ್ತಿತ್ತು.

ಅಯ್ಯನವರ ಮುಂಗೈ ಇನ್ನೂ ನನ್ನ ಕೈಯಲ್ಲೇ ಇತ್ತು. ಕೆಂಡ ಮುಟ್ಟಿದವಳ ಹಾಗೆ ಬಿಟ್ಟುಬಿಟ್ಟೆ. ಅದು ಅವರ ತೊಡೆಯ ಮೇಲೆ ಬಿತ್ತು, ಮುದ್ರೆ ಉರುಳಿ ಹೋಯಿತು. ಜೋರಾಗಿ, ಇನ್ನೂ ಜೋರಾಗಿ ಎಂದು ಇಪ್ಪತ್ತಾರು ದಿನ ಅರಚಿದ್ದು ನನ್ನದೇ ಗಂಟಲು. ಅಯ್ಯನವರ ಮುಖ ನೋಡಿದೆ. ಅವರು ಕಣ್ಣು ಮುಚ್ಚಿಕೊಂಡಿದ್ದರು. ಗೋಡೆಯ ಮುಂದೆ ಅವರು ಯಾವಾಗಲೂ ಕಣ್ಣು ಮುಚ್ಚಿಯೇ ಕೂರುತ್ತಿದ್ದರೆಂಬುದು ಆಗ ಹೊಳೆಯಿತು. ಸುಣ್ಣದ ಗೋಡೆಯ ಬಿಳುಪಿಗೆ ಕಣ್ಣು ಕುಕ್ಕುತ್ತಿರಬೇಕು ಎಂದು ನಾನೇ ಟೋಪಿ ತಂದುಕೊಟ್ಟಿದ್ದೆ!

"ಇವತ್ತು ಬಿಸಿಲು ಹೋಯಿತು, ಸಾಕು" ಎಂದೆ. ಬಿಸಿಲು ಹಿತ್ತಲ ತುಂಬ ಇತ್ತು.

ಮಧ್ಯಾಹ್ನ ಅವರ ಮನೆಗೆ ಹೋದೆ. ಅಯ್ಯನವರು ಊಟ ಮಾಡಿ ಮಲಗಿದ್ದರು. ಹಂಪಕ್ಕ ಹಿತ್ತಲಿನ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಾನೂ ಕೂತು ಒಂದು ಹಿಡಿ ತೆಗೆದುಕೊಂಡೆ.

"ಎಷ್ಟು ವರ್ಷದಿಂದ ಅಕ್ಕಾ?" ಎಂದು ಕೇಳಿದೆ.

ಅವರು ಯಾವುದು ಎಂದು ಕೇಳಲಿಲ್ಲ. "ಮದುವೆ ಆಗಿ ಮೂವತ್ತೆಂಟು ವರ್ಷ ಆತು. ಮೊದಲ್ನೇ ವರ್ಷ ಇರ್ಲಿಲ್ಲ."

"ಅಷ್ಟು ವರ್ಷ ಯಾರಿಗೂ ಗೊತ್ತಾಗ್ಲಿಲ್ವಾ?"

"ರೇಡಿಯೋ ಹಾಕ್ತಿದ್ರಲ್ಲ."

ಅಯ್ಯನವರ ರೇಡಿಯೋ ಇಡೀ ಬೀದಿಗೆ ಕೇಳುತ್ತಿತ್ತು. ಎಂಥ ಧಾರಾಳಿ, ಬೀದಿಗೆಲ್ಲ ವಾರ್ತೆ ಕೇಳಿಸುತ್ತಾರೆ ಎಂದು ನಾವು ಹೊಗಳಿದ್ದೆವು. ಚಿಕ್ಕವಳಿದ್ದಾಗ ನಾನು ಆ ಕಿಟಕಿಯ ಕೆಳಗೆ ನಿಂತು ಹಾಡು ಕೇಳುತ್ತಿದ್ದೆ. ಇನ್ನೂ ಜೋರಾಗಿ ಇಡಲಿ ಎಂದು ಬೇಡಿಕೊಳ್ಳುತ್ತಿದ್ದೆ.

"ಗೋಡೆ ಮ್ಯಾಲೆ ನೋಡಿದ ಮೊದಲ್ನೇ ದಿನಾನೇ ಗೊತ್ತಾತು ನಂಗೆ," ಹಂಪಕ್ಕ ಕಾಯಿಯಿಂದ ಕಣ್ಣೆತ್ತದೆ ಹೇಳಿದರು. "ಎಲ್ರೂ ನಗ್ತಾ ಇದ್ರು. ದ್ಯಾವಣ್ಣ ಓಡೋಗಿ ಮುದ್ರೆ ತಂದ. ನಾನೇನಂತ ಹೇಳ್ಲಿ? ಅದು ಕಾಗ್ದ ಅಲ್ಲಪ್ಪ, ನನ್ ಕೆನ್ನೆ ಅಂತ ಹೇಳ್ಲಾ?"

ನಾನು ಇನ್ನೊಂದು ಹಿಡಿ ಕಾಯಿ ತೆಗೆದುಕೊಂಡೆ.

"ಹೋದ ಗುರುವಾರ ಸಾರಿಗೆ ಉಪ್ಪು ಜಾಸ್ತಿ ಆಗೋತು ಕಣೇ ಇಂದೂ. ತಟ್ಟೆ ಮುಂದಿಟ್ಟು ನಿಂತ್ಕಂಡೆ. ಉಂಡ್ರು, ಮುಖ ಹಿಂಡಿದ್ರು, ಮುಂದಿನವ್ರು ಬನ್ನಿ ಅಂದ್ರು. ಅಷ್ಟೇ. ಕೈ ಬರ್ಲಿಲ್ಲ. ನಾನು ಅಡಿಗೆಮನೇಲಿ ಕೂತು ಅದೇ ಉಪ್ಪಿನ ಸಾರಲ್ಲಿ ಎರಡು ಸಲ ಹಾಕಿಸ್ಕಂಡು ಉಂಡೆ." ತುಸು ನಕ್ಕರು. "ಹಾಕೋರು ಯಾರು, ನಾನೇ ಹಾಕ್ಕಂಡೆ."

"ನಾನೀಗ ಏನು ಮಾಡ್ಲಿ, ನೀವೇ ಹೇಳಿ."

"ಕಾಲು ಬಂತು. ಬಚ್ಚಲಿಗೆ ಅವರೇ ಹೋಗ್ತಾರೆ. ನಂಗಷ್ಟು ಸಾಕು. ಆ ಕೈ ಬಂದ್ರೆ ಬರೀ ಕೈ ಬರಲ್ಲ ಕಣೇ."

ಮನೆಗೆ ಬಂದು ಟ್ರಂಕು ತೆಗೆದೆ. ಆ ಅರ್ಜಿಯ ಅಕ್ಷರಗಳು ಎಂದಿನ ಹಾಗೇ ಚೆನ್ನಾಗಿದ್ದವು. ಅದನ್ನು ಹರಿಯಲೂ ಮನಸ್ಸಾಗಲಿಲ್ಲ, ಮೊದಲಿದ್ದ ಜಾಗದಲ್ಲಿ ಇಡಲೂ ಮನಸ್ಸಾಗಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ನಾನು ಕೈಬಿಟ್ಟ ಕೈ ಒಂದೂ ಇಲ್ಲ ಎಂಬ ಜಂಭ ನನಗಿತ್ತು. ಹೊಡೆತವೆಂದು ಗೊತ್ತಿದ್ದೇ ಹೊಡೆತ ಕಲಿಸಿದರೆ ಆ ಕೈ ಇನ್ನೆರಡು ವಾರದಲ್ಲಿ ಏಳುತ್ತದೆ. ಅಂಗೈ ಬಿಚ್ಚಿಸಿ, ಓರೆಯಾಗಿ ಬೀಸಿಸಿದರೆ ಸಾಕು. ಕಲಿಸದಿದ್ದರೆ ಒಬ್ಬ ಮನುಷ್ಯನ ಕೈಯನ್ನು ಬೇಕೆಂದೇ ಸಾಯಲು ಬಿಟ್ಟ ಹಾಗೆ. ಎರಡೂ ನನ್ನಿಂದ ಆಗಲಿಲ್ಲ. ಹೇಡಿಯ ಹಾಗೆ ಎರಡು ವಾರ ಅಯ್ಯನವರನ್ನು ಮರದ ನೆರಳಿನಲ್ಲಿ ಕೂರಿಸಿ, ಎಣ್ಣೆ ಹಚ್ಚಿ ನೀವುತ್ತಾ, ಬಿಸಿಲು ಚುರುಕಿಲ್ಲ ಎಂದು ದ್ಯಾವಣ್ಣನಿಗೆ ಸುಳ್ಳು ಹೇಳುತ್ತಾ ಕಳೆದೆ.

ದ್ಯಾವಣ್ಣ ಸುಲಭಕ್ಕೆ ಬಿಡುವವನಲ್ಲ. ಅಯ್ಯನವರೆಂದರೆ ಅವನಿಗೆ ದೇವರು. ನಲವತ್ತೊಂದನೆಯ ದಿನ ಬೆಳಗ್ಗೆ ಮಂಡಕ್ಕಿಯ ಚೀಲ ಹೊತ್ತು, ಮೂವತ್ತು ನಲವತ್ತು ಜನರನ್ನು ಕಟ್ಟಿಕೊಂಡು ಬಂದೇಬಿಟ್ಟ. ಅಯ್ಯನವರನ್ನು ಗೋಡೆಯ ಮುಂದೆ ಅವನೇ ಕೂರಿಸಿದ.

"ಏನಮ್ಮಾ ಡಾಕ್ಟ್ರಮ್ಮಾ, ಎಲ್ರ ಕೈನೂ ಎಬ್ಬಿಸ್ದೋಳು ನಮ್ಮ ಅಯ್ಯನೋರ್ ಕೈಗೆ ಯಾಕಿಂಗೆ ಮಾಡ್ತೀಯ? ನಿಂಗಾಗ್ದಿದ್ರೆ ಬಿಡು. ನಾನೇ ಹಿಡಿದು ಒತ್ತಿಸ್ತೀನಿ," ಎಂದು ಜೇಬಿನಿಂದ ಮುದ್ರೆ ತೆಗೆದ.

ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. ಗೋಡೆಯ ಮೇಲೆ ನೆರಳು ತನ್ನ ಪಾಡಿಗೆ ಏಳುತ್ತಿತ್ತು, ಬೀಳುತ್ತಿತ್ತು. ಆಗ ಹಂಪಕ್ಕ ಸ್ಟೂಲಿನಿಂದ ಎದ್ದರು. ಸೆರಗು ಸಿಕ್ಕಿಸಿಕೊಂಡು ನೇರವಾಗಿ ಹೋಗಿ, ಗಂಡನಿಗೂ ಗೋಡೆಗೂ ನಡುವೆ, ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತರು.

"ಅಕ್ಕೋ, ಅಡ್ಡ ಕೂತ್ಕಬಾರ್ದು!" ಎಂದು ಯಾರೋ ಕೂಗಿದರು.

ನೆರಳಿನ ಕೈ ಎದ್ದಿತು, ನಿಂತಿತು, ಬೀಸಿತು. ಈ ಸಲ ಅದು ಗೋಡೆಯ ಮೇಲೆ ಬೀಳಲಿಲ್ಲ, ಹಂಪಕ್ಕನ ಎಡಗೆನ್ನೆಯ ಮೇಲೆ ಬಿತ್ತು. ಐದು ಬೆರಳೂ ಕೆನ್ನೆಯ ಮೇಲೆ ಸರಿಯಾಗಿ ಕೂತವು. ಅವರು ತಲೆ ತಗ್ಗಿಸಲಿಲ್ಲ. ಎರಡೂ ಕೈಯಿಂದ ಮೊಣಕಾಲುಗಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು, ಉಗುರು ಬೆಳ್ಳಗಾಗಿತ್ತು. ಎರಡನೆಯ ಸಲ ಬಿತ್ತು. ಮೂರನೆಯ ಸಲ ಬಿತ್ತು. ಒಂದು ಸದ್ದೂ ಇಲ್ಲ. ನಾಲ್ಕನೆಯ ಸಲಕ್ಕೆ ಜನರ ನಡುವಿನಿಂದ ಒಬ್ಬ ಹೆಂಗಸು ಅಯ್ಯೋ ಎಂದಳು. ಇನ್ನು ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ. ದ್ಯಾವಣ್ಣ ಬಾಯಿ ತೆರೆದುಕೊಂಡು ನಿಂತಿದ್ದ. ಮುದ್ರೆ ಹಿಡಿದ ಅವನ ಕೈ ಗಾಳಿಯಲ್ಲೇ ಉಳಿದಿತ್ತು.

ಅಯ್ಯನವರು ಕಣ್ಣು ತೆರೆದಿದ್ದರು. ಎಡಗೈಯಿಂದ ಸತ್ತ ಬಲಗೈಯನ್ನು ತೊಡೆಗೆ ಅದುಮಿ ಹಿಡಿದರು. ಕೈ ಸುಮ್ಮನೇ ಇತ್ತು, ನೆರಳು ನಿಲ್ಲಲಿಲ್ಲ. ಆಮೇಲೆ ಎಡಗೈಯನ್ನು ಮೇಲೆತ್ತಿದರು, ಅದರ ನೆರಳಿನಿಂದ ಈ ನೆರಳನ್ನು ಹಿಡಿಯಲು. ಹಂಪಕ್ಕನ ಮುಖದ ಮೇಲೆ ಒಂದು ನೆರಳು ಇನ್ನೊಂದರೊಳಗೆ ಹಾದುಹೋಯಿತು, ಹಿಡಿತಕ್ಕೆ ಸಿಗಲಿಲ್ಲ. "ಮುಂದಿನವರು ಬನ್ನಿ, ಮುಂದಿನವರು ಬನ್ನಿ" ಎಂದು ಅವರು ಗೋಳೋ ಎಂದು ಅತ್ತರು.

ಹಂಪಕ್ಕ ಎದ್ದು ಬಂದು ನನ್ನ ಮುಂದೆ ನಿಂತರು. "ಇಂದೂ, ಈ ಕೈಗೆ ಬೇರೆ ಏನಾದ್ರೂ ಕಲ್ಸು. ಆಗ್ದಿದ್ರೆ ಹಂಗೇ ಬಿಟ್ಬಿಡು. ಇದನ್ನ ಮಾತ್ರ ಕಲಿಸ್ಬೇಡ."

"ಏನು ಕಲಿಸ್ಲಿ ಅಕ್ಕಾ?"

ಅವರು ಸ್ವಲ್ಪ ಯೋಚಿಸಿದರು. "ಅವರೆಕಾಯಿ ಸುಲಿಯಾದು ಕಲ್ಸು."

ಜನ ಸದ್ದಿಲ್ಲದೆ ಚದುರಿದರು. ಮಂಡಕ್ಕಿಯ ಚೀಲ ಅಲ್ಲೇ ಉಳಿಯಿತು, ಮಾರನೆಯ ದಿನ ಗುಬ್ಬಿಗಳು ಅದನ್ನು ಹರಿದವು.

ನೆರಳು ತೋರದ ದಾರಿಯಲ್ಲಿ ಕೈಯನ್ನು ಕರೆದೊಯ್ಯುವುದು ನನಗೆ ಗೊತ್ತಿರಲಿಲ್ಲ. ನೆರಳು ಸಹಾಯಕ್ಕೆ ಬಾರದ ಬೇರೆ ಊರುಗಳಲ್ಲಿ ಹೇಗೆ ಮಾಡುತ್ತಾರೆಂದು ಕಾಗದ ಬರೆದು ಕೇಳಿ ತಿಳಿದುಕೊಂಡೆ. ಅಯ್ಯನವರ ಚೆನ್ನಾಗಿರುವ ಎಡಗೈಯನ್ನು ಬಟ್ಟೆಯ ಚೀಲದಲ್ಲಿ ಕಟ್ಟಿಹಾಕಿದೆ. ಮೇಜಿನ ಮೇಲೆ ಟವೆಲ್ ಹಾಸಿ ಬಲಗೈಯನ್ನು ಮುಂದಕ್ಕೆ, ಹಿಂದಕ್ಕೆ ಜಾರಿಸಿದೆ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಕಾಯಿ ಇಟ್ಟು, ಅವುಗಳ ಮೇಲೆ ನನ್ನ ಬೆರಳಿಟ್ಟು ಒತ್ತಿದೆ. ಅವರೆ ಮುಗಿದ ಮೇಲೆ ಬಟಾಣಿ, ಬಟಾಣಿ ಮುಗಿದ ಮೇಲೆ ಕಡಲೆಕಾಯಿ, ಆಮೇಲೆ ತೊಗರಿಕಾಯಿ. ಬೀದಿಯ ಹೆಂಗಸರು ಏನೂ ಮಾತಾಡದೆ ತಮ್ಮ ಮನೆಯ ಕಾಯಿಗಳನ್ನು ತಂದು ಗೋಡೆಯ ಬುಡದಲ್ಲಿ ಸುರಿದು ಹೋಗುತ್ತಿದ್ದರು. ಅವರ ಗಂಡಂದಿರಲ್ಲಿ ಕೆಲವರು ಆ ವರ್ಷ ಬಿಸಿಲಿನಲ್ಲಿ ಗೋಡೆಗಳ ಪಕ್ಕ ನಡೆಯುವುದನ್ನೇ ಬಿಟ್ಟರು.

ಅಯ್ಯನವರು ದಿನಕ್ಕೆ ಮುನ್ನೂರಲ್ಲ, ಆರುನೂರು ಸಲ ಮಾಡಿದರು. ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿದ್ದರೂ ನಿಲ್ಲಿಸುತ್ತಿರಲಿಲ್ಲ. ಪಶ್ಚಾತ್ತಾಪವೋ, ಕೈ ಬೇಕೆಂಬ ಹಟವೋ, ನಾನು ಹೇಳಲಾರೆ. ಅವರಿಗೆ ಮಾತಿಲ್ಲ, ನನಗೆ ಅವರ ಒಳಗನ್ನು ನೋಡುವ ಗೋಡೆಯಿಲ್ಲ. ಅವರ ಮೇಲೆ ನನಗೆ ಸಿಟ್ಟಿತ್ತು. ಸಿಟ್ಟಿನಲ್ಲೇ ಅವರ ಬೆರಳುಗಳನ್ನು ದಿನವೂ ಬಿಡಿಸಿದೆ.

ಹನ್ನೊಂದು ತಿಂಗಳಾಗಿ ಮತ್ತೆ ಅವರೆಯ ಕಾಲ ಬಂತು. ಒಂದು ಬುಧವಾರ ಬೆಳಗ್ಗೆ ಗೋಡೆಯ ಮೇಲಿನ ಕೈ ಮೇಲಕ್ಕೆ ಎದ್ದು, ನಿಂತು, ಬೀಸದೆ ಹಾಗೇ ಮೆಲ್ಲಗೆ ತೊಡೆಗೆ ಇಳಿಯಿತು. ಅಯ್ಯನವರ ಬಲಗೈಯ ಹೆಬ್ಬೆರಳು ಕಾಯಿಯ ಬೆನ್ನನ್ನು ಹುಡುಕಿತು, ಒತ್ತಿತು. ನೆರಳಿನ ಹೆಬ್ಬೆರಳೂ ಒತ್ತಿತು. ಕಾಯಿ ಬಿರಿದು ಮೂರು ಕಾಳು ತಟ್ಟೆಗೆ ಟಣಟಣ ಬಿದ್ದವು. ನನಗೆ ಕುಣಿಯುವಂತಾಯಿತು, ಅಳುವೂ ಬಂತು. ಅವರು ಇನ್ನೊಂದು ಸುಲಿದರು, ಇನ್ನೂ ಒಂದು. ಅರ್ಧ ತಟ್ಟೆ ತುಂಬಿತು.

"ಹಂಪಕ್ಕಾ, ಬನ್ನಿ, ತಟ್ಟೆ ತಗೊಳ್ಳಿ!" ಎಂದು ಕೂಗಿದೆ.

ಹಂಪಕ್ಕ ಮರದ ಹಿಂದಿನಿಂದ ಬಂದರು. ಗೋಡೆ ನೋಡಿದರು, ಕಾಳು ನೋಡಿದರು, ಮುಖ ಅರಳಿತು. ತಟ್ಟೆ ಎತ್ತಿಕೊಳ್ಳಲು ಗಂಡನ ಮುಂದೆ ಬಗ್ಗಿದರು. ಅಯ್ಯನವರು ಬಲಗೈಯಲ್ಲೇ ತಟ್ಟೆಯನ್ನು ಅವರ ಕಡೆ ತಳ್ಳಲು ಹೋದರು. ಕೈ ಒಂದು ಗೇಣಿನಷ್ಟು ಎದ್ದಿತು.

ಹಂಪಕ್ಕನ ತಲೆ ತಟ್ಟನೆ ತಗ್ಗಿತು. ಎಡಮೊಣಕೈ ಕಿವಿಗೆ ಬಂತು.

ಅಯ್ಯನವರು ಅದನ್ನು ನೋಡಿದರು. ಕೈ ಅಲ್ಲೇ ನಿಂತಿತು. ಏನೋ ಹೇಳಲು ಬಹಳ ಹೊತ್ತು ಹೆಣಗಿದರು. "ಮುಂದಿನವರು..." ಎಂದು ಅಷ್ಟಕ್ಕೇ ನಿಲ್ಲಿಸಿಬಿಟ್ಟರು.

"ಅಕ್ಕಾ," ಎಂದೆ ನಾನು, "ನಾಳೆಯಿಂದ ಎಂಟು ಗಂಟೆಗೆ ನೀವೂ ಬಂದು ಇಲ್ಲಿ ಕೂತ್ಕೊಳ್ಳಿ."

"ನಾನ್ಯಾಕೆ?" ಹಂಪಕ್ಕ ನಗುತ್ತಾ ನನ್ನ ಕಡೆ ತಿರುಗಿದರು. "ನಂಗೇನಾಗೈತೆ, ಇಂದೂ? ನಾನು ಚೆನ್ನಾಗೇ ಇದೀನಲ್ಲ."

ಅವರ ಮೊಣಕೈ ಇನ್ನೂ ಕಿವಿಯ ಹತ್ತಿರವೇ ಇತ್ತು.